ಕರುಳಿನ ಶಸ್ತ್ರಚಿಕಿತ್ಸೆಯ ನಂತರದ ಮೂವತ್ತು ದಿನಗಳು ಮತ್ತು ಮನೆಯ ಮೊಬೈಲು

ಶಸ್ತ್ರಚಿಕಿತ್ಸೆ ಮುಗಿದು, ರೋಗಿಯು ಎದ್ದು ಕುಳಿತು, ಗಂಜಿ ಕುಡಿದು ಮನೆಗೆ ಬಂದೊಡನೆ ಗಂಡಾಂತರ ಕಳೆಯಿತೆಂದು ಮನೆಯವರೆಲ್ಲರೂ ನಿಟ್ಟುಸಿರು ಬಿಡುವುದು ಸಹಜ. ದೇವರಿಗೆ ಕಾಯಿ ಒಡೆಸುತ್ತಾರೆ. ಬೀಗರು ಬಂದು ಮಾತನಾಡಿಸಿ ಹೋಗುತ್ತಾರೆ. ಆದರೆ ಕರುಳಿನ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಈ ಭಾವನೆ ಪೂರ್ತಿ ಸರಿಯಲ್ಲ. ಅದರ ತೊಡಕುಗಳಲ್ಲಿ ಹಲವು ತಲೆದೋರುವುದು ರೋಗಿಯು ಮನೆಗೆ ಬಂದ ಮೇಲೆಯೇ. ಆಗ ಹತ್ತಿರದಲ್ಲಿ ದಾದಿಯೂ ಇರುವುದಿಲ್ಲ, ಶಸ್ತ್ರವೈದ್ಯರೂ ಇರುವುದಿಲ್ಲ. ಇರುವವರು ಗಂಡ ಅಥವಾ ಹೆಂಡತಿ ಮಾತ್ರ.

ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರನ್ನು ಹೊಲಿಗೆ ಬಿಚ್ಚುವವರೆಗೂ ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳುವ ಪದ್ಧತಿಯಿತ್ತು. 1990ರ ದಶಕದಲ್ಲಿ ಡೆನ್ಮಾರ್ಕ್ ದೇಶದ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಅವರು, ರೋಗಿಯನ್ನು ಬೇಗನೆ ನಡೆದಾಡಿಸಿ, ಬೇಗನೆ ಆಹಾರ ಕೊಟ್ಟು, ಬೇಗನೆ ಮನೆಗೆ ಕಳುಹಿಸುವ ಕ್ರಮವನ್ನು ರೂಢಿಗೆ ತಂದರು. ಇದು ಒಳ್ಳೆಯ ಕ್ರಮವೇ. ಹಾಸಿಗೆ ಹಿಡಿದು ಮಲಗುವುದರಿಂದ ಬರುವ ಕೇಡುಗಳು ಇದರಿಂದ ತಪ್ಪುತ್ತವೆ. ಆದರೆ ಆಸ್ಪತ್ರೆಯು ಮಾಡುತ್ತಿದ್ದ ನಿಗಾವಣೆಯ ಕೆಲಸವು ಇದರಿಂದ ಮನೆಯವರ ಪಾಲಿಗೆ ಬಂದಿತು.

ಹಿಡಕಲ್ ಸುತ್ತಲಿನ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಜನರು ಇಂತಹ ದೊಡ್ಡ ಶಸ್ತ್ರಚಿಕಿತ್ಸೆಗಾಗಿ ಬೆಳಗಾವಿಗೆ ಹೋಗುತ್ತಾರೆ. ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿ ಮಿರಜಕ್ಕೆ ಹೋಗುವವರೂ, ಹೆದ್ದಾರಿ ಹಿಡಿದು ಕೊಲ್ಹಾಪುರಕ್ಕೆ ಹೋಗುವವರೂ ಇದ್ದಾರೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಒಂದೂರಿನಲ್ಲಿ, ರೋಗಿ ಇನ್ನೊಂದೂರಿನಲ್ಲಿ. ನಡುವಿನ ದೂರವನ್ನು ಮೊಬೈಲು ಎಷ್ಟರಮಟ್ಟಿಗೆ ತುಂಬಬಲ್ಲದು, ಎಲ್ಲಿ ತುಂಬಲಾರದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹೊಲಿಗೆ ಸೋರುವುದೆಂದರೇನು?

ವಿಷಮಶೀತ ಜ್ವರದಿಂದ ಕರುಳು ತೂತಾದಾಗ, ಅಪೆಂಡಿಕ್ಸ್ ಕೀವುಗಟ್ಟಿ ಒಡೆದಾಗ, ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಂತಾಗ, ಕ್ಷಯರೋಗದಿಂದ ಕರುಳಿನ ದಾರಿ ಕಿರಿದಾದಾಗ, ಕ್ಯಾನ್ಸರ್ ಗಡ್ಡೆ ಬೆಳೆದಾಗ ಕರುಳಿನ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅನೇಕ ವೇಳೆ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸಿ ಹೊಲಿಯುತ್ತಾರೆ.

ಈ ಜೋಡಣೆ ಗಟ್ಟಿಯಾಗಲು ಕಾಲ ಬೇಕು. ಮೊದಲ ಕೆಲವು ದಿನಗಳಲ್ಲಿ ಅದನ್ನು ಹಿಡಿದಿರುವುದು ದಾರವೇ ಹೊರತು ಮಾಂಸವಲ್ಲ. ರಕ್ತಸಂಚಾರ ಸಾಲದಿದ್ದರೆ, ರೋಗಿಯು ತೀರ ನಿಶ್ಶಕ್ತನಾಗಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಬೀಡಿ ತಂಬಾಕಿನ ಚಟವಿದ್ದರೆ ಜೋಡಣೆ ಬಿಟ್ಟುಕೊಂಡು ಕರುಳಿನೊಳಗಿನ ದ್ರವವು ಹೊಟ್ಟೆಯೊಳಕ್ಕೆ ಸೋರಬಹುದು. ಸಾಮಾನ್ಯವಾಗಿ ಇದು ಕಾಣಿಸಿಕೊಳ್ಳುವುದು ಮೂರನೆಯ ದಿನದಿಂದ ಹತ್ತನೆಯ ದಿನದೊಳಗೆ. ಅಪರೂಪಕ್ಕೆ ಅನಂತರವೂ ಉಂಟು.

ಘಟಪ್ರಭಾ ಕಾಲುವೆಯ ನೀರಿನಲ್ಲಿ ಕಬ್ಬು ಬೆಳೆಯುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಾಲುವೆಯ ಏರಿ ಒಮ್ಮೆಗೇ ಒಡೆಯುವುದಿಲ್ಲ. ಮೊದಲು ಹೊರಬದಿಯ ಮಣ್ಣು ಒದ್ದೆಯಾಗುತ್ತದೆ, ಅನಂತರ ಒಸರು ಕಾಣುತ್ತದೆ, ಅದೂ ಯಾರ ಕಣ್ಣಿಗೂ ಬೀಳದೆ ಹೋದರೆ ರಾತ್ರಿಯಲ್ಲಿ ಹೊಲವೆಲ್ಲ ನೀರಾಗುತ್ತದೆ. ನಿನ್ನೆ ಒಣಗಿದ್ದ ಮಣ್ಣು ಇಂದು ಒದ್ದೆಯಾಗಿರುವುದನ್ನು ಕಂಡುಹಿಡಿಯಬಲ್ಲವನು ನಿನ್ನೆಯೂ ಆ ಜಾಗವನ್ನು ನೋಡಿದವನೇ. ಕರುಳಿನ ಸೋರುವಿಕೆಯೂ ಹೀಗೆಯೇ. ಮೊದಲ ಸೂಚನೆಗಳು ಸಣ್ಣವು: ನಾಡಿ ಸ್ವಲ್ಪ ವೇಗವಾಗುತ್ತದೆ, ಇಳಿಯುತ್ತಿದ್ದ ನೋವು ಇಳಿಯುವುದನ್ನು ನಿಲ್ಲಿಸಿ ಮತ್ತೆ ಏರುತ್ತದೆ, ಹಸಿವು ಹೋಗುತ್ತದೆ, ಹೊಟ್ಟೆ ಬಿಗಿಯುತ್ತದೆ. ಒಂದು ದಿನವನ್ನು ಮಾತ್ರ ನೋಡಿದರೆ ಇವುಗಳಲ್ಲಿ ಯಾವುದೂ ಗಾಬರಿ ಹುಟ್ಟಿಸುವಂತಹುದಲ್ಲ.

ಮೊಬೈಲು ಮಾಡುವ ಕೆಲಸ

ಈಗ ಕೆಲವು ಆಸ್ಪತ್ರೆಗಳು ರೋಗಿಯನ್ನು ಮನೆಗೆ ಕಳುಹಿಸುವಾಗ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಡುತ್ತವೆ. ಇನ್ನು ಕೆಲವು ವಾಟ್ಸ್ಯಾಪ್ ಸಂಖ್ಯೆಯೊಂದನ್ನು ಕೊಡುತ್ತವೆ. ಆ್ಯಪ್ ಎಂಬುದು ಯಾವ ಮಾಯೆಯೂ ಅಲ್ಲ. ಪ್ರತಿದಿನ ಅವೇ ಪ್ರಶ್ನೆಗಳನ್ನು ಕೇಳುವ ಒಂದು ಪುಸ್ತಕ, ಅಷ್ಟೆ. ಜ್ವರ ಎಷ್ಟಿದೆ? ನಾಡಿ ಎಷ್ಟು? ನೋವು ಹತ್ತರಲ್ಲಿ ಎಷ್ಟು? ವಾಂತಿಯಾಯಿತೇ? ಮಲ ಅಥವಾ ವಾಯು ಹೋಯಿತೇ? ಗಾಯದ ಚಿತ್ರ ಕಳುಹಿಸಿ. ಉತ್ತರಗಳು ನಿನ್ನೆಯವಕ್ಕಿಂತ ಕೆಟ್ಟಿದ್ದರೆ ಆಸ್ಪತ್ರೆಯವರಿಗೆ ಸೂಚನೆ ಹೋಗುವಂತೆ ಅದನ್ನು ರಚಿಸಿರುತ್ತಾರೆ.

ಇದರ ಪ್ರಯೋಜನವನ್ನು ಪರೀಕ್ಷಿಸಿಯೂ ನೋಡಲಾಗಿದೆ. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಹೊಟ್ಟೆಯ ತುರ್ತು ಶಸ್ತ್ರಚಿಕಿತ್ಸೆಯಾದ 492 ಮಂದಿಯನ್ನು ಎರಡು ಗುಂಪುಗಳಾಗಿ ಮಾಡಿ, ಒಂದು ಗುಂಪಿನವರಿಂದ ಮೊಬೈಲಿನಲ್ಲಿ ಉತ್ತರಗಳನ್ನೂ ಗಾಯದ ಚಿತ್ರಗಳನ್ನೂ ತರಿಸಿಕೊಂಡರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗಾಯದ ಸೋಂಕು ಮೊದಲ ಏಳು ದಿನಗಳೊಳಗೇ ಪತ್ತೆಯಾಗುವ ಸಂಭವ ಆ ಗುಂಪಿನಲ್ಲಿ ಬಹಳ ಹೆಚ್ಚಾಗಿತ್ತು. ಒಟ್ಟು ಮೂವತ್ತು ದಿನಗಳ ಲೆಕ್ಕ ತೆಗೆದುಕೊಂಡಾಗ ಸೋಂಕು ಪತ್ತೆಯಾಗುವ ಕಾಲದಲ್ಲಿ ದೊಡ್ಡ ಅಂತರ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ನನ್ನ ಅಭಿಪ್ರಾಯದಲ್ಲಿ ಬೆಲೆಯುಳ್ಳದ್ದು ಆ ಮೊದಲ ವಾರವೇ. ಆಫ್ರಿಕಾ ಖಂಡದ ರುವಾಂಡಾ ದೇಶದಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂತಹ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಸಿಸೇರಿಯನ್ ಆದ ತಾಯಂದಿರ ಮನೆಗೆ ಹೋಗಿ, ಗಾಯದ ಚಿತ್ರ ತೆಗೆದು ಆಸ್ಪತ್ರೆಗೆ ಕಳುಹಿಸುವ ಕ್ರಮವನ್ನು ಪರೀಕ್ಷಿಸಿದ್ದಾರೆ. ಅಲ್ಲಿಯ ಹಳ್ಳಿಗಳ ಸ್ಥಿತಿ ನಮ್ಮ ಹಳ್ಳಿಗಳಿಗೆ ಹೆಚ್ಚು ಹತ್ತಿರವಾದುದು.

ಒಂದು ಅನುಭವ

ನಾನು ಈ ಭಾಗದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾಗ ನಡೆದ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಜಲಾಶಯದ ಹಿನ್ನೀರಿನ ಬದಿಯ ಹಳ್ಳಿಯ ಮೂವತ್ತರ ಆಸುಪಾಸಿನ ಗೃಹಿಣಿಯೊಬ್ಬರಿಗೆ ಕರುಳಿನ ಕ್ಷಯದಿಂದಾಗಿ ಸಣ್ಣ ಕರುಳಿನ ಒಂದು ಭಾಗವನ್ನು ತೆಗೆದು ಜೋಡಿಸಿದ್ದರು. ಆರನೆಯ ದಿನ ಮನೆಗೆ ಬಂದರು. ಗಂಡ ಏಳನೆಯ ತರಗತಿಯವರೆಗೆ ಓದಿದ್ದ ರೈತ. ನಾಡಿ ಎಣಿಸುವುದನ್ನು ನಮ್ಮ ದಾದಿಯಿಂದ ಕಲಿತು, ದಿನವೂ ನನ್ನ ಮೊಬೈಲಿಗೆ ಅಂಕಿಗಳನ್ನು ಕಳುಹಿಸುತ್ತಿದ್ದರು.

ಮೊದಲ ದಿನ ನಾಡಿ 88. ಎರಡನೆಯ ದಿನ 96. ಮೂರನೆಯ ಬೆಳಿಗ್ಗೆ 114. ನೋವು ಮೂರು, ಮೂರು, ಆರು. ಜ್ವರವಿರಲಿಲ್ಲ. ಇದ್ದರೂ ಕಾಣುವಂತಿರಲಿಲ್ಲ, ಏಕೆಂದರೆ ನೋವಿಗೆಂದು ದಿನಕ್ಕೆ ಮೂರು ಬಾರಿ ಪ್ಯಾರಾಸಿಟಮಾಲ್ ಕೊಡುತ್ತಿದ್ದರು. ಆ ಮೂರನೆಯ ಬೆಳಗಿನ ಅಂಕಿಗಳು ನನ್ನ ಮೊಬೈಲಿಗೆ ಬಂದಾಗ ಹತ್ತು ಗಂಟೆ. ಅಂದು ಹೊರರೋಗಿಗಳ ಸಾಲು ದೊಡ್ಡದಿತ್ತು. ನಾನು ಮೊಬೈಲು ನೋಡಿದ್ದು ಮಧ್ಯಾಹ್ನ ಎರಡೂಕಾಲಿಗೆ. ಕೂಡಲೇ ಕರೆ ಮಾಡಿದೆ. ಆ ತಾಯಿಯೇ ಕ್ಷೀಣವಾದ ದನಿಯಲ್ಲಿ, "ನಿನ್ನಿಕಿಂತ ಇವತ್ತ ಹೊಟ್ಟಿ ಬಾಳ ಬಿಗದೈತ್ರಿ ಸಾಹೇಬ್ರ. ನೀವು ನೋಡಿ ಹೇಳ್ತೀರಂತ ನಮ್ಮ ಮನ್ಯಾರು ದಾರಿ ಕಾಯಾಕತ್ತಾರ್ರೀ," ಎಂದರು.

ಅವರು ಮಾಡಬೇಕಾದುದನ್ನೆಲ್ಲ ಸರಿಯಾಗಿ ಮಾಡಿದ್ದರು. ತಪ್ಪು ನನ್ನದು. ಸಂದೇಶ ಕಳುಹಿಸಿದರೆ ಎಷ್ಟು ಹೊತ್ತಿನೊಳಗೆ ಉತ್ತರ ಬರುತ್ತದೆ, ಬರದಿದ್ದರೆ ಏನು ಮಾಡಬೇಕು ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಸಾಹೇಬರು ನೋಡುತ್ತಾರೆಂದು ನಂಬಿ ಅವರು ನಾಲ್ಕು ಗಂಟೆಗಳನ್ನು ಕಳೆದಿದ್ದರು. 108 ವಾಹನದಲ್ಲಿ ಆಸ್ಪತ್ರೆ ಮುಟ್ಟಿ, ಅಂದೇ ರಾತ್ರಿ ಮತ್ತೆ ಶಸ್ತ್ರಚಿಕಿತ್ಸೆಯಾಯಿತು, ಜೋಡಣೆ ಸೋರುತ್ತಿತ್ತು. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟಿದರು. ಕೆಲವು ತಿಂಗಳುಗಳ ನಂತರ ಅದನ್ನು ಮುಚ್ಚಿದರು. ಈಗ ಆ ತಾಯಿ ಹೊಲದ ಕೆಲಸ ಮಾಡಿಕೊಂಡಿದ್ದಾರೆ. ಇನ್ನೊಂದು ರಾತ್ರಿ ಕಳೆದಿದ್ದರೆ ಹೀಗೆ ಬರೆಯುವ ಅವಕಾಶ ನನಗೆ ಸಿಗುತ್ತಿರಲಿಲ್ಲವೇನೋ.

ಅಂದಿನಿಂದ ನಾನು ಪ್ರತಿಯೊಂದು ದಂಪತಿಗೂ ಹೇಳುವುದು ಇದು: ಸಂದೇಶವು ದಿನದ ಲೆಕ್ಕಕ್ಕೆ, ಅಪಾಯದ ಚಿಹ್ನೆ ಕಂಡಾಗ ಕರೆ ಮಾಡಬೇಕು, ಕರೆ ಎತ್ತದಿದ್ದರೆ ಹೊರಡಬೇಕು. ಮೊಬೈಲಿನ ಉತ್ತರಕ್ಕಾಗಿ ಕಾಯಬಾರದು.

ದಿನದ ಲೆಕ್ಕವನ್ನು ಇಡುವ ಬಗೆ

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಆದಷ್ಟು ಅದೇ ಸಮಯಕ್ಕೆ ನೋಡಬೇಕು. ರೋಗಿಯು ಐದು ನಿಮಿಷ ಸುಮ್ಮನೆ ಮಲಗಿದ ನಂತರ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಬದಿಗೆ, ಎರಡು ಬೆರಳುಗಳನ್ನಿಟ್ಟು ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಾಡಿಯನ್ನು ಎಣಿಸಬೇಕು. ಬೆರಳನ್ನು ಮೊಬೈಲಿನ ಕ್ಯಾಮೆರಾದ ಮೇಲಿಟ್ಟರೆ ನಾಡಿ ತೋರಿಸುವ ಆ್ಯಪ್‌ಗಳೂ ಬಂದಿವೆ. ಅವೆಲ್ಲವನ್ನೂ ನಂಬುವಂತಿಲ್ಲ, ಕೈಯಿಂದ ಎಣಿಸುವುದೇ ಮೇಲು. ಜ್ವರವನ್ನು ಜ್ವರಮಾಪಕದಿಂದ, ಗುಳಿಗೆ ಕೊಡುವ ಮುನ್ನ ನೋಡಬೇಕು. ಗುಳಿಗೆ ನುಂಗಿದ ಮೇಲೆ ನೋಡಿ "ಜ್ವರವಿಲ್ಲ" ಎಂದು ಬರೆದರೆ ಆ್ಯಪ್ ಅದನ್ನು ನಂಬುತ್ತದೆ, ಮೋಸ ಹೋಗುವವರು ನಾವು.

ನೋವನ್ನು ಹತ್ತರಲ್ಲಿ ಎಷ್ಟೆಂದು ಹೇಳಲು ಹಲವರಿಗೆ ತೋಚುವುದಿಲ್ಲ. ನಮ್ಮ ಕಡೆಯ ಹಿರಿಯರು ಇಂದಿಗೂ "ಎಂಟಾಣೆ ಕಡಿಮೆಯಾಗೇತಿ" ಎನ್ನುತ್ತಾರೆ. ಅದೂ ಸಾಕು. ನಿನ್ನೆ ನಾಲ್ಕಾಣೆಯಿದ್ದ ನೋವು ಇಂದು ಎಂಟಾಣೆಯಾದರೆ ವೈದ್ಯರಿಗೆ ಬೇಕಾದ ಸಂಗತಿ ತಿಳಿಯಿತು. ಕೆಮ್ಮುವಾಗ, ಎದ್ದು ನಿಲ್ಲುವಾಗ ಗಾಯದಲ್ಲಿ ನೋಯುವುದು ಸಹಜ. ಸುಮ್ಮನೆ ಮಲಗಿದ್ದಾಗಲೂ ಹೊಟ್ಟೆಯೆಲ್ಲ ನೋಯುವುದು ಬೇರೆ ಮಾತು.

ಗಾಯದ ಚಿತ್ರವನ್ನು ಹಗಲಿನ ಬೆಳಕಿನಲ್ಲಿ, ಬಾಗಿಲ ಬಳಿ ಅಥವಾ ಕಿಟಕಿಯ ಬಳಿ, ದೀಪ ಹಾಕದೆ, ಒಂದು ಮೊಳ ದೂರದಿಂದ ತೆಗೆಯಬೇಕು. ಮೊದಲು ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಚಿತ್ರದ ಆಸೆಗೆ ಮೇಲಿಂದ ಮೇಲೆ ಪಟ್ಟಿ ಬಿಚ್ಚಬಾರದು. ಪಟ್ಟಿ ಬದಲಾಯಿಸುವಾಗ ತೆಗೆದರೆ ಸಾಕು. ನಮ್ಮ ಮೈಬಣ್ಣದಲ್ಲಿ ಗಾಯದ ಸುತ್ತಲಿನ ಕೆಂಪು ಚಿತ್ರದಲ್ಲಿ ಸರಿಯಾಗಿ ಕಾಣುವುದಿಲ್ಲ. ಆದುದರಿಂದ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂಬುದನ್ನು ಮಾತಿನಲ್ಲಿಯೂ ತಿಳಿಸಬೇಕು.

ಆ್ಯಪ್ ಇಲ್ಲದವರು, ಗುಂಡಿ ಒತ್ತುವ ಸಾದಾ ಮೊಬೈಲು ಇರುವವರು ಬೇಸರಪಡಬೇಕಾಗಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯಲ್ಲಿ ನಾಡಿ, ಜ್ವರ, ನೋವು ಈ ಮೂರು ಅಂಕಿಗಳನ್ನು ಬರೆದಿಟ್ಟು, ಸಂಜೆ ಕರೆ ಮಾಡಿ ಓದಿ ಹೇಳಿದರೂ ಅದೇ ಕೆಲಸವಾಗುತ್ತದೆ. ಗುಡ್ಡದ ಮರೆಯ ಊರುಗಳಲ್ಲಿ ಮೊಬೈಲಿಗೆ ಸಂಕೇತ ಸಿಗದಿದ್ದಾಗಲೂ ಕ್ಯಾಲೆಂಡರು ಇದ್ದೇ ಇರುತ್ತದೆ. ಮಿರಜ, ಕೊಲ್ಹಾಪುರಗಳ ಆಸ್ಪತ್ರೆಯ ಕಾಗದಗಳು ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಇದ್ದರೆ, ಅಲ್ಲಿಂದ ಹೊರಡುವ ಮುನ್ನವೇ ಕೇಳಿ ತಿಳಿದುಕೊಳ್ಳಬೇಕು. ಏನು ಕತ್ತರಿಸಿದರು, ಏನು ಜೋಡಿಸಿದರು, ರಾತ್ರಿ ಯಾವ ಸಂಖ್ಯೆಗೆ ಕರೆ ಮಾಡಬೇಕು, ಈ ಮೂರನ್ನು ಕನ್ನಡದಲ್ಲಿ ಬರೆಸಿಕೊಂಡು ಬಂದರೆ ಊರಿನ ವೈದ್ಯರಿಗೂ ದೊಡ್ಡ ಉಪಕಾರ.

ತಡಮಾಡದೆ ಹೊರಡಬೇಕಾದ ಚಿಹ್ನೆಗಳು

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಾದರೆ, ಅಥವಾ ಸುಮ್ಮನಿದ್ದಾಗಲೂ ನಾಡಿ ನಿಮಿಷಕ್ಕೆ 100ನ್ನು ಮೀರಿದರೆ ಅಂದೇ ಕರೆ ಮಾಡಿ ಸಲಹೆ ಪಡೆಯಬೇಕು. ಅದರೊಡನೆ ನೋವು ಏರುತ್ತಿದ್ದರೆ, ಹೊಟ್ಟೆ ಉಬ್ಬಿ ಬಿಗಿದಿದ್ದರೆ, ಮೇಲಿಂದ ಮೇಲೆ ವಾಂತಿಯಾಗುತ್ತಿದ್ದರೆ, ಮಲವೂ ವಾಯುವೂ ನಿಂತಿದ್ದರೆ, ಮೂತ್ರ ತೀರ ಕಡಿಮೆಯಾಗಿದ್ದರೆ, ರೋಗಿಯು ಮಂಕಾಗಿ ತಪ್ಪುತಪ್ಪಾಗಿ ಮಾತನಾಡುತ್ತಿದ್ದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಗಾಯದಿಂದ ಕೀವು ಅಥವಾ ಮಲದ ವಾಸನೆಯ ದ್ರವ ಬಂದರೂ ಹಾಗೆಯೇ. 2008ರಿಂದ ನಮ್ಮ ರಾಜ್ಯದಲ್ಲಿರುವ ಆರೋಗ್ಯ ಕವಚದ 108ಕ್ಕೆ ಕರೆ ಮಾಡಿ. ದಾರಿಯಲ್ಲಿ ಬಾಯಿಗೆ ಏನನ್ನೂ ಕೊಡಬೇಡಿ.

ಗಾಯದ ಪಟ್ಟಿ ಇದ್ದಕ್ಕಿದ್ದಂತೆ ನಸುಗೆಂಪು ನೀರಿನಿಂದ ತೊಯ್ದುಹೋದರೆ ಹೊಟ್ಟೆಯ ಒಳಪದರದ ಹೊಲಿಗೆ ಬಿಡುತ್ತಿರಬಹುದು. ಕರುಳೇ ಹೊರಗೆ ಕಂಡರೆ ಒಳಕ್ಕೆ ತಳ್ಳಬಾರದು. ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯನ್ನು ಮುಚ್ಚಿ, ಮೊಣಕಾಲು ಮಡಿಸಿ ಮಲಗಿಸಿ ಸಾಗಿಸಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕಬಾರದು. ಅದರ ಜೊತೆಗೆ, ಅಥವಾ ಅದಿಲ್ಲದೆಯೂ, ಉಸಿರು ಕಟ್ಟಿದರೆ ಕೂಡಲೇ 108.

ಹೊಟ್ಟೆಯ ಮೇಲೆ ಚೀಲವಿರುವವರು ತೆರೆದ ಕರುಳಿನ ಬಣ್ಣವನ್ನು ದಿನವೂ ನೋಡಬೇಕು. ಅದು ಬಾಯಿಯ ಒಳಭಾಗದಂತೆ ಕೆಂಪಾಗಿ ತೇವವಾಗಿರಬೇಕು. ನೀಲಿ ಅಥವಾ ಕಪ್ಪಾದರೆ ಅಪಾಯ. ಸಣ್ಣ ಕರುಳಿನ ಚೀಲದಲ್ಲಿ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಬರುತ್ತಿದ್ದರೆ ದೇಹ ಒಣಗುತ್ತದೆ. ಬರೀ ನೀರನ್ನು ಹೆಚ್ಚು ಹೆಚ್ಚು ಕುಡಿದರೆ ಚೀಲ ಇನ್ನೂ ತುಂಬುವುದೇ ಹೊರತು ದಾಹ ತೀರದು, ಓ.ಆರ್.ಎಸ್. ಕುಡಿಯುತ್ತ ವೈದ್ಯರಿಗೆ ತಿಳಿಸಬೇಕು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ಪ್ರವಾಹದಿಂದ ಗೋಕಾಕದ ಬಳಿಯ ಲೋಳಸೂರ ಸೇತುವೆ ಮುಳುಗಿ ದಾರಿ ಕಡಿದುಹೋದುದು ಎಲ್ಲರಿಗೂ ನೆನಪಿದೆ. ಹೊಳೆ ಏರುವ ದಿನಗಳಲ್ಲಿ ಮೊದಲ ಹತ್ತು ದಿನಗಳನ್ನು ಆಸ್ಪತ್ರೆಯ ಕಡೆಯ ದಡದ ನೆಂಟರ ಮನೆಯಲ್ಲಿ ಕಳೆಯುವುದು ಯಾವ ಆ್ಯಪಿಗಿಂತಲೂ ಉತ್ತಮ.

ಮೊಬೈಲು ಯಾರ ಕೈಯಲ್ಲಿರಬೇಕು?

ಇದು ಸಣ್ಣ ಮಾತೆಂದು ತೋರಬಹುದು, ಆದರೆ ನಾನು ಕಂಡಂತೆ ಕೆಲಸ ಕೆಡುವುದು ಇಲ್ಲಿಯೇ. ಮನೆಯಲ್ಲಿ ಮೊಬೈಲು ಒಂದೇ. ಅದು ಗಂಡನ ಅಂಗಿಯ ಜೇಬಿನಲ್ಲಿ. ಶಸ್ತ್ರಚಿಕಿತ್ಸೆಯಾದದ್ದು ಹೆಂಡತಿಗೆ. ಗಂಡ ಕಬ್ಬಿನ ಟ್ರ್ಯಾಕ್ಟರಿನೊಡನೆ ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಒಂದು ರಾತ್ರಿ, ಎರಡು ರಾತ್ರಿ ಕಳೆದರೆ ಲೆಕ್ಕವೂ ನಿಲ್ಲುತ್ತದೆ, ಕರೆಯೂ ನಿಲ್ಲುತ್ತದೆ. ಮೂವತ್ತು ದಿನಗಳವರೆಗೆ ಮೊಬೈಲು ರೋಗಿಯ ಬಳಿ ಇರಬೇಕು. ಹೊರಗೆ ಹೋಗುವವರು ಬೇರೊಬ್ಬರ ಮೊಬೈಲಿನ ಸಂಖ್ಯೆಯನ್ನು ಮನೆಯಲ್ಲಿ ಬರೆದಿಟ್ಟು ಹೋಗಲಿ.

ಹೆಣ್ಣುಮಕ್ಕಳು ಹೊಟ್ಟೆಯ ಚಿತ್ರವನ್ನು ಪರರಿಗೆ ಕಳುಹಿಸಲು ಸಂಕೋಚಪಡುತ್ತಾರೆ. ಆ ಸಂಕೋಚವನ್ನು ಗೌರವಿಸಬೇಕು. ಚಿತ್ರವನ್ನು ಗಂಡನೋ ಅತ್ತೆಯೋ ಆಶಾ ಕಾರ್ಯಕರ್ತೆಯೋ ತೆಗೆಯಲಿ. ಗಾಯದಷ್ಟೇ ಭಾಗ ಕಾಣಲಿ, ಮುಖ ಬೇಡ. ಆಸ್ಪತ್ರೆಯ ಸಂಖ್ಯೆಗೆ ಹೊರತು ನೆಂಟರಿಷ್ಟರ ಗುಂಪುಗಳಿಗೆ ಅದನ್ನು ಹಾಕಕೂಡದು. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುವ, ಯಾರು ಮಾಡಿದರೆಂದೇ ತಿಳಿಯದ ವೈದ್ಯಕೀಯ ಆ್ಯಪ್‌ಗಳಿಗಂತೂ ಕೊಡಲೇಬಾರದು. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯವರು ಕೊಟ್ಟುದನ್ನು ಮಾತ್ರ ಬಳಸಿರಿ. ಸಂದೇಹವಿದ್ದರೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಬಳಿಗೆ ಹೋದರೆ, ಅವರು ಇ-ಸಂಜೀವಿನಿಯ ಮೂಲಕ ವೈದ್ಯರೊಡನೆ ಮುಖಾಮುಖಿ ಮಾತನಾಡಿಸುತ್ತಾರೆ. ಆದರೆ ಮೇಲೆ ಹೇಳಿದ ಅಪಾಯದ ಚಿಹ್ನೆಗಳಿದ್ದಾಗ ಅದಕ್ಕೂ ಹೊತ್ತು ಕಳೆಯಬಾರದು. ಪರದೆಯ ಮೇಲೆ ಕಾಣುವ ವೈದ್ಯರು ಹೊಟ್ಟೆಯನ್ನು ಕೈಯಿಂದ ಮುಟ್ಟಿ ನೋಡಲಾರರು.

ಕುಟುಂಬ ಯೋಜನೆಗೆ ಸಂಬಂಧಿಸಿದ ಒಂದು ವಿಷಯವನ್ನು ಆ್ಯಪ್‌ಗಳು ಸಾಮಾನ್ಯವಾಗಿ ಕೇಳುವುದಿಲ್ಲ, ದಂಪತಿಗಳೂ ಕೇಳಲು ನಾಚುತ್ತಾರೆ. ನುಂಗುವ ಗರ್ಭನಿರೋಧಕ ಮಾತ್ರೆಗಳಲ್ಲಿ ಮಾಲಾ-ಎನ್ ಮೊದಲಾದವು ದೊಡ್ಡ ಶಸ್ತ್ರಚಿಕಿತ್ಸೆಯ ಸುತ್ತಲಿನ ದಿನಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುತ್ತವೆ. ವಾಂತಿ, ಭೇದಿ ಇದ್ದಾಗ, ಸಣ್ಣ ಕರುಳಿನ ಚೀಲವಿದ್ದಾಗ ಅವು ಮೈಗೆ ಸರಿಯಾಗಿ ಹತ್ತುವುದೂ ಇಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧಿಯು ಆ ಮಾತ್ರೆಗಳ ಶಕ್ತಿಯನ್ನೇ ಕುಂದಿಸುತ್ತದೆ. ಆದುದರಿಂದ ವೈದ್ಯರು ಬೇರೆ ಸಲಹೆ ಕೊಡುವವರೆಗೆ ನಿರೋಧ್ ಬಳಸುವುದು ಕ್ಷೇಮ. ದಾಂಪತ್ಯ ಸಂಬಂಧವನ್ನು ಸುಮಾರು ಆರು ವಾರಗಳ ನಂತರ, ಶಸ್ತ್ರವೈದ್ಯರನ್ನು ಕೇಳಿ ಆರಂಭಿಸಬಹುದು.

ಮೂವತ್ತನೆಯ ದಿನದ ತಪಾಸಣೆಗೆ ಹೋಗುವಾಗ ಮೊಬೈಲನ್ನೂ, ಅಂಕಿ ಬರೆದ ಕ್ಯಾಲೆಂಡರಿನ ಹಾಳೆಯನ್ನೂ ಜೊತೆಗೆ ಒಯ್ಯಿರಿ. ವೈದ್ಯರು ನೋಡಿದ ಮೇಲೆ ಗಾಯದ ಚಿತ್ರಗಳನ್ನು ಮೊಬೈಲಿನಿಂದ ಅಳಿಸಿಹಾಕಬಹುದು. ಹಾಳೆಯನ್ನು ಮಾತ್ರ ಆಸ್ಪತ್ರೆಯ ಕಾಗದಗಳೊಡನೆ ಇಟ್ಟುಕೊಳ್ಳಿ. ಚೀಲ ಮುಚ್ಚುವ ಎರಡನೆಯ ಶಸ್ತ್ರಚಿಕಿತ್ಸೆ ಬಾಕಿಯಿದ್ದವರಿಗೆ ಅದು ಮತ್ತೆ ಬೇಕಾಗುತ್ತದೆ.